ಹತ್ತು ದಿನದ ಕ್ಯಾಲ್ಗರಿ

ದೇರಾ, ದುಬೈ
3 ಜೂನ್ 2018

ಲಿಯೊನೆಲ್ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಸಿಟ್ಟು ಇಳಿದ ಮೇಲೆ ನೋಡೋಣ. ಫೋನಿನಲ್ಲಾದರೆ ಮಗಳು ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅದಕ್ಕೇ ನಾಡಿದ್ದು ಕ್ಯಾಲ್ಗರಿಗೆ ಹೊರಟಿರುವ ನಮ್ಮ ಬಿಲ್ಡಿಂಗಿನ ಶರ್ವಿನ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿಮ್ಮ ಪಟ್ಟಿ ಸಿಕ್ಕಿತು. ಮೊದಲ ದಿನ ಟವರ್ ಹತ್ತಿ ಗಾಜಿನ ನೆಲದ ಮೇಲೆ ನಿಲ್ಲುವುದು. ಮರುದಿನ ಮೃಗಾಲಯದಲ್ಲಿ ಪಾಂಡಾ. ಆಮೇಲೆ ಹಳೆಯ ಕಾಲದ ಊರಿನಂತೆ ಕಟ್ಟಿರುವ ಪಾರ್ಕಿನಲ್ಲಿ ಉಗಿಬಂಡಿ, ಸ್ಟ್ಯಾಂಪೀಡ್ ಎಂಬ ಜಾತ್ರೆಯಲ್ಲಿ ಕುದುರೆಗಾಡಿಗಳ ರೇಸು, ಕೆಂಪು ಸೇತುವೆಯ ಮೇಲೆ ಫೋಟೋ. ಹತ್ತನೆಯ ದಿನ ಏರ್‌ಪೋರ್ಟ್. ಉಳಿಯಲು ಹೋಟೆಲ್! ಎರಡು ವರ್ಷದಿಂದ ನೀವಿರುವ ಊರಿನಲ್ಲಿ ಹೆಂಡತಿಗೂ ಮಗಳಿಗೂ ಹೋಟೆಲ್ ಯಾಕೆ? ಪರ್ಲ್ ಸೇರಬೇಕಾದ ಶಾಲೆ, ಆದಿತ್ಯವಾರ ಹೋಗುವ ಇಗರ್ಜಿ, ನಿಮ್ಮ ಮನೆ, ಯಾವುದೂ ಪಟ್ಟಿಯಲ್ಲಿಲ್ಲ.

ಏಪ್ರಿಲ್‌ನಲ್ಲಿ ನೀವೇ ಅಲ್ಲವೇ ಹೇಳಿದ್ದು, ‘ಸದ್ಯ ವಿಸಿಟ್‌ನಲ್ಲಿ ಬನ್ನಿ’ ಎಂದು? ದುಬೈಯಲ್ಲಿ ಆ ಮಾತಿಗೆ ಏನರ್ಥವೆಂದು ನಿಮಗೆ ಗೊತ್ತಿಲ್ಲವೇ? ನೀವೂ ಹಾಗೇ ಬಂದವರು, ನಾನೂ ಹಾಗೇ ಬಂದವಳು. ಮೊದಲು ವಿಸಿಟ್, ಆಮೇಲೆ ವೀಸಾ ಬದಲಿಸಿ ನಿಂತುಬಿಡುವುದು. ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಿಮ್ಮದು ನೋಡಿಕೊಂಡು ವಾಪಸ್ ಹೋಗುವ ವಿಸಿಟ್ ಎಂದು ನನಗೆ ಈಗ ತಿಳಿಯಿತು. ಆಚೆ ಕೋಣೆಯ ಜಮೀಲ ಪಟ್ಟಿ ಓದಿ, ‘ಎಂತ ಮಾರಾಯ್ತಿ, ನಿನ್ನ ಗಂಡ ಅಲ್ಲಿ ಟ್ರಾವೆಲ್ಸ್ ಇಟ್ಟಿದ್ದಾರಾ?’ ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು.

ನಮಗೆ ಪಾಂಡಾ ಬೇಡ. ಟವರ್ ಬೇಡ, ಇಲ್ಲಿ ಬೇಕಾದಷ್ಟಿವೆ. ಬೆಳಿಗ್ಗೆ ಎದ್ದು ನೀವು ಚಹಾ ಕಾಯಿಸುವ ಅಡುಗೆಮನೆ ತೋರಿಸಿ, ಸಾಕು. ಅಲ್ಲಿ ನಮಗೆ ಜಾಗವಿಲ್ಲವೆಂದಾದರೆ ಬಾಯಿಬಿಟ್ಟು ಹೇಳಿ. ನಾವು ಇಲ್ಲೇ ಇರುತ್ತೇವೆ. ನನಗೆ ಕ್ಲಿನಿಕ್ಕಿನ ಕೆಲಸವಿದೆ, ಪರ್ಲ್‌ಗೆ ಶಾಲೆಯಿದೆ. ನಿಮ್ಮ ಹಂಗು ನಮಗೇನೂ ಇಲ್ಲ.

ಉತ್ತರ ಬರೆಯಿರಿ, ಫೋಟೋ ಕಳಿಸಬೇಡಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ರೊಸಲಿನ್

ತಾ.ಕ.: ಕೆಲಸವಿದೆ, ಶಾಲೆಯಿದೆ ಎಂದು ಬರೆದದ್ದು ಸುಳ್ಳು. ನೀವು ಬನ್ನಿ ಎಂದ ಮರುದಿನವೇ ನಾನು ರಾಜೀನಾಮೆ ಕೊಟ್ಟೆ. ಕೆಲಸದ ಜೊತೆ ವೀಸಾವೂ ಕ್ಯಾನ್ಸಲ್ ಆಗಿದೆ, ಹದಿನೆಂಟು ದಿನದೊಳಗೆ ನಾವು ದುಬೈ ಬಿಡಬೇಕು. ಪರ್ಲ್‌ಳ ಟಿ.ಸಿ. ನನ್ನ ಬ್ಯಾಗಿನಲ್ಲಿದೆ. ಡ್ಯಾಡಿಯ ಮನೆಗೆ ಹೋಗುತ್ತೇನೆಂದು ಅವಳು ಕ್ಲಾಸಿಗೆಲ್ಲ ಚಾಕಲೇಟ್ ಹಂಚಿ ಬಂದಿದ್ದಾಳೆ.