ವಿಹಾರದ ಮುಂದೆ ನಿನ್ನ ಭಾಷಣ

ಸುರೇಶಣ್ಣಾ,

ಜಯಂತಿಗೆಂದು ನಮ್ಮೂರು ವಾಡಿಗೆ ಬಂದವನು ಮನೆಗೆ ಬರಲಿಲ್ಲ. ಬೌದ್ಧ ವಿಹಾರದ ಮುಂದೆ ಪಿಯುಸಿ ಪಾಸಾದ ಮಕ್ಕಳಿಗೆ ನೀನೇ ಶಾಲು ಹೊದಿಸಿದೆ. ಅವರಲ್ಲಿ ನನ್ನ ಮಗಳು ಲುಂಬಿನಿಯೂ ಇದ್ದಳು. ನಿನಗೆ ಗುರುತು ಸಿಗಲಿಲ್ಲ. ಆಮೇಲೆ ಮೈಕು ಹಿಡಿದು ಅಂದೆ: "ಎಲ್ಲಾರಿಗೂ ಯೂನಿವರ್ಸಿಟಿ ಯಾಕ ಬೇಕ್ರಿ? ಏನರ ಕೈಕೆಲಸ ಕಲೀರಿ."

ನೀನು ಎಂ.ಎ. ಓದುವಾಗ ನಿನ್ನ ಫೀಸಿಗೆಂದು ನಾನು ಶಾಲೆ ಬಿಟ್ಟು ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಹೊತ್ತೆ. "ನಂದು ಮುಗೀಲಿ ತಂಗಿ, ಆಮ್ಯಾಲ ನಿನ್ನ ಓದಸ್ತೀನಿ" ಅಂದಿದ್ದೆ ನೀನು.

ಅಣ್ಣ ವೇದಿಕೆಯ ಮೇಲಿದ್ದಾನೆಂಬ ಹಿಗ್ಗಿನಲ್ಲಿ, ನಿನ್ನ ಮಾತು ತಲೆಗಿಳಿಯುವ ಮೊದಲೇ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ. ಶಾಲು ಹೊದ್ದು ಪಕ್ಕಕ್ಕೆ ಬಂದು ಕೂತಿದ್ದ ಲುಂಬಿನಿ ನನ್ನ ಎರಡೂ ಕೈ ಹಿಡಿದು ನಿಲ್ಲಿಸಿದಳು.

"ಸಾಕವ್ವಾ. ಮಾಮಾ ನನಗೇ ಹೇಳಾಕತ್ತಾನ."