ಅಲ್ನಿಕೋ ಎರಡನ್ನೇ ಹಾಕುತ್ತೇನೆ

ಜೂನ್ 12, ಬುಧವಾರ

ಬೆಳಿಗ್ಗೆಯಿಂದ ಗಿಟಾರ್ ಬಿಚ್ಚಿಕೊಂಡು ಕೂತಿದ್ದೇನೆ. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡಿವೆ; ಬ್ರಿಡ್ಜ್ ಕಡೆಯದರೊಳಗೆ ಸೆರಾಮಿಕ್ ಮ್ಯಾಗ್ನೆಟ್ — ಎರಡು ವರ್ಷದ ಹಿಂದೆ ಮುಡಾಕಿರ್ ಅಣ್ಣ ಹಾಕಿಸಿದ್ದು. ಸ್ವರ ತಗಡು ಕೊಯ್ದ ಹಾಗೆ. ಅದನ್ನು ತೆಗೆದು ‘ಅಲ್ನಿಕೋ ಎರಡು’ ಎಂಬ ಬಗೆಯ ಮ್ಯಾಗ್ನೆಟ್ ಹಾಕುತ್ತೇನೆ. ಅದರ ಬಲ ಕಡಿಮೆ, ಸ್ವರ ಬೆಚ್ಚಗೆ. ಅಲ್ನಿಕೋ ಐದೂ ಬೇಡ, ಚುರುಕು ಜಾಸ್ತಿ.

ಅಣ್ಣ ನಮ್ಮ ದಂಗ್ದುತ್ ಮೇಳದ ಯಜಮಾನ; ಜಾವಾದ ಮದುವೆಗಳಲ್ಲಿ ಜನ ಕುಣಿಯುವ ಹಾಡು ನಮ್ಮದು. ನಿನ್ನೆ ಹೇಳಿದ: "ನೋಡು ವಿಲಿಸ್, ಮದುವೆ ಪೆಂಡಾಲಲ್ಲಿ ಗಿಟಾರ್ ಕಿವಿ ಕುಟುಕ್ಬೇಕು. ಬೆಚ್ಚಗೆ ಗಿಚ್ಚಗೆ ಎಲ್ಲ ಮನೇಲಿಟ್ಕೋ. ಆಗಲ್ವಾ, ನಮ್ ಫೆಂಡಿ ನುಡಿಸ್ತಾನೆ."

ಫೆಂಡಿ ಅವನ ತಂಗಿಯ ಮಗ. ನಾನು ಈ ಮೇಳದಲ್ಲಿ ನಿಂತು ಹನ್ನೊಂದು ವರ್ಷ. ನಮ್ಮ ಹಾಡುಗಾರ್ತಿ ರುಸ್ಮಿನಿಯ ಕಷ್ಟವೂ ಅಣ್ಣನಿಗೆ ಕೇಳಿಸುವುದಿಲ್ಲ. ಅವಳು ನನ್ನ ಹತ್ತಿರ ಹೇಳುತ್ತಾಳೆ: "ನಿನ್ ಗಿಟಾರ್ ಕಿರುಚುತ್ತೆ ಅಕ್ಕಾ, ಅದ್ರ ಮೇಲೆ ನಾನು ಕಿರುಚ್ಬೇಕು. ಗಂಟ್ಲು ಹೋಯ್ತು."

ಅಮ್ಮ ನಮಾಜಿನ ದಿಕ್ಕು ನೋಡಿಕೊಳ್ಳುವ ದಿಕ್ಸೂಚಿ ಹಿಡಿದು ಹಳೇ ಮ್ಯಾಗ್ನೆಟ್ಟಿನ ಉತ್ತರ ಯಾವ ಕಡೆ ಎಂದು ಗುರುತು ಹಾಕಿಕೊಂಡೆ. ಹೊಸದನ್ನೂ ಅದೇ ಮುಖಕ್ಕೆ ಕೂರಿಸಬೇಕು. ಅದರ ಪಾರ್ಸೆಲ್ ಇನ್ನೂ ಬಂದಿಲ್ಲ. ಎಲ್ಲ ಮೇಜಿನ ಮೇಲೇ ಇರಲಿ.

ಜೂನ್ 13

ಬಂತು! ದಿಕ್ಸೂಚಿಯಿಂದ ನೋಡಿ ಹಾಕಿದೆ. ಬ್ರಿಡ್ಜ್ ಒಂದನ್ನೇ ನುಡಿಸಿದರೆ... ಆಹಾ. ಅಮ್ಮ ದಿಕ್ಸೂಚಿ ತೆಗೆದುಕೊಂಡು ಹಬ್ಬಕ್ಕೆ ಚಿಕ್ಕಮ್ಮನ ಊರು ಜೆಂಬರ್‌ಗೆ ಹೋದಳು.

ಜೂನ್ 15

ತಾಲೀಮಿನಲ್ಲಿ ಮಾನ ಹೋಯಿತು. ಎರಡೂ ಪಿಕಪ್ ಒಟ್ಟಿಗೆ ಹಾಕಿದ್ದೇ ತಡ — ಸೊಳ್ಳೆ ಸ್ವರ. ಎಲ್ಲ ನಕ್ಕರು. ಫೆಂಡಿ: "ಅಕ್ಕಾ, ನಿಮ್ ಬೆಚ್ಚನೆ ಸ್ವರಕ್ಕೆ ನೆಗಡಿನಾ?"

"ಇಪ್ಪತ್ತೆರಡ್ನೇ ತಾರೀಕಿನ ಮದ್ವೇಲಿ ಇವ್ನೇ ನುಡಿಸ್ತಾನೆ" ಅಂದ ಅಣ್ಣ.

"ನಾನೇ ನುಡಿಸ್ತೀನಿ. ಇದೇ ಮ್ಯಾಗ್ನೆಟ್ಟಲ್ಲಿ" ಅಂದೆ. ಏನು ತಪ್ಪಾಗಿದೆ ಎಂದು ಮಾತ್ರ ಗೊತ್ತಿಲ್ಲ. ಮನೆಗೆ ಬಂದು ಅತ್ತೆ.

ಜೂನ್ 18

ಅಮ್ಮನ ಫೋನ್. "ನನ್ ದಿಕ್ಸೂಚಿಗೆ ಏನ್ ಮಾಡ್ದೆ ಮಾರಾಯ್ತಿ? ಎಲ್ಲರೂ ಆ ಕಡೆ, ನಾನೊಬ್ಳು ಈ ಕಡೆ ತಿರುಗಿ ನಮಾಜಿಗೆ ನಿಂತೆ! ಚಿಕ್ಕಮ್ಮನ ಮೊಮ್ಮಕ್ಳು ಬಿದ್ದುಬಿದ್ದು ನಕ್ಕವು."

ಅಯ್ಯೋ ನನ್ನ ಬುದ್ಧಿಯೇ! ಬುಧವಾರ ಪೂರ್ತಿ ಅದು ಸೆರಾಮಿಕ್ ಪಕ್ಕದಲ್ಲೇ ಬಿದ್ದಿತ್ತು. ಮುಳ್ಳು ಉಲ್ಟಾ ಆಗಿದೆ. ಅದನ್ನು ನಂಬಿ ಹೊಸ ಮ್ಯಾಗ್ನೆಟ್ಟನ್ನೂ ಉಲ್ಟಾ ಕೂರಿಸಿದೆ. ಎರಡು ಪಿಕಪ್ಪೂ ಒಂದರ ಸ್ವರವನ್ನು ಇನ್ನೊಂದು ನುಂಗುತ್ತಿದ್ದವು.

"ತಪ್ಪಾಯ್ತಮ್ಮ" ಅಂದೆ.

"ದೇವ್ರು ಕ್ಷಮಿಸ್ತಾನೆ. ನಾನು ಯೋಚ್ನೆ ಮಾಡ್ತೀನಿ."

ನಾಲ್ಕು ಸ್ಕ್ರೂ, ಇಪ್ಪತ್ತು ನಿಮಿಷ. ತಿರುಗಿಸಿ ಹಾಕಿದೆ. ಪಿಕಪ್ಪನ್ನು ತಂತಿಯಿಂದ ಕೂದಲೆಳೆ ಕೆಳಗಿಳಿಸಿದೆ. ಎರಡೂ ಒಟ್ಟಿಗೆ ನುಡಿದವು. ತುಂಬಿಕೊಂಡು.

ಜೂನ್ 23, ಭಾನುವಾರ

ನಿನ್ನೆ ಬಾಂಗಿಲ್‌ನಲ್ಲಿ ಮದುವೆ. ಫೆಂಡಿಗಿಂತ ಮೊದಲೇ ವೇದಿಕೆ ಹತ್ತಿ ಪ್ಲಗ್ ಚುಚ್ಚಿದೆ. ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮೊದಲ ಹಾಡು ಚೆನ್ನಾಗಿತ್ತು. ಎರಡನೆಯದರಲ್ಲಿ ನನ್ನ ಸ್ವರ ಇದ್ದಕ್ಕಿದ್ದಂತೆ ತಗಡಾಯಿತು. ನೋಡಿದರೆ ಅಣ್ಣ ಸೌಂಡಿನವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾನೆ. ಅವನ ಕೈಲಿ ಟ್ರೆಬಲ್, ಆ ಚೂಪು ದನಿ, ಏರಿಸಿಸಿದ್ದಾನೆ!

ತಂತಿಯಿಂದ ಕೈ ತೆಗೆದೆ. ಸುಮ್ಮನೆ ನಿಂತೆ. ಕೊಳಲು, ಢೋಲು ಅಷ್ಟೇ. ರುಸ್ಮಿನಿ ತಿರುಗಿ ನೋಡಿ ಹಾಡು ನಿಲ್ಲಿಸಿದಳು. ಮೈಕಿನಲ್ಲೇ ಹೇಳಿದಳು: "ಅಣ್ಣಾ, ಅಕ್ಕನ ಗಿಟಾರ್ ಮುಟ್ಬೇಡಿ. ಮುಟ್ಟಿದ್ರೆ ನೀವೇ ಹಾಡ್ಕೊಳ್ಳಿ." ಮದುಮಗಳ ಕಡೆಯವರು ಶಿಳ್ಳೆ ಹೊಡೆದರು.

ಟ್ರೆಬಲ್ ಇಳಿಯಿತು. ನುಡಿಸಿದೆ. ಅವಳು ತಗ್ಗು ದನಿಯಲ್ಲಿ ಹಾಡಿದಳು. ಆ ದನಿ ಕೇಳಿ ಎರಡು ವರ್ಷವಾಗಿತ್ತು. ನನಗೆ ಹೆಮ್ಮೆ ಆಯಿತು — ಯಾಕೆ ಮುಚ್ಚಿಡಲಿ.

ಇಳಿಯುವಾಗ ಅಣ್ಣ ಮುಖ ಕೊಡಲಿಲ್ಲ.

ಜೂನ್ 24, ಸಂಜೆ 5

ಅಣ್ಣನ ಮೆಸೇಜು. "ಶನಿವಾರ ನಾಲ್ಕಕ್ಕೆ ತಾಲೀಮಿಗೆ ಬಾ. ಅದೇ ಗಿಟಾರ್ ಇರ್ಲಿ. ಟ್ರೆಬಲ್ ಮಾತ್ರ ಒಂಚೂರು..."

"ಆಗಲ್ಲ ಅಣ್ಣ" ಎಂದು ಕಳಿಸಿದೆ.

ಏನೋ ಬರೆಯುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಬರೆಯುತ್ತಿದ್ದಾನೆ. ಬರೆಯಲಿ. ಇನ್ನೊಂದು ಸಲ ಟ್ರೆಬಲ್ ಅಂದರೆ ಶನಿವಾರವೂ ತಂತಿಯಿಂದ ಕೈ ತೆಗೆಯುತ್ತೇನೆ.