ತೊಟ್ಟಿಗೆ ಬಂದ ಕಾವೇರಿ

ಹೂಡಿ
೧೪ ಮಾರ್ಚ್ ೨೦೨೫, ಶುಕ್ರವಾರ

ಚಿನ್ನದಂಥ ಸೊಸೆ ನಿವೇದಿತಾಗೆ ಅತ್ತೆ ವೆಂಕಟಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯಾ ಬಾಣಂತಿ? ಮಗು ನಿದ್ದೆ ಮಾಡಲು ಬಿಡುತ್ತಿದೆಯಾ? ಕುಮಟೆಯಲ್ಲಿ ಈಗಲೇ ಸೆಕೆ ಶುರುವಾಗಿರಬೇಕು, ಆದರೂ ಕಿವಿಗೆ ಹತ್ತಿ ಇಡುವುದನ್ನು ಮಾತ್ರ ಬಿಡಬೇಡ. ಕಾಗದ ಬರೆಯುತ್ತೇನೆ ಎಂದು ಹೇಳಿ ಇಷ್ಟು ತಡ ಮಾಡಿದೆ, ಬೈಯಬೇಡ. ಫೋನಿನಲ್ಲಿ ಮಗುವಿನ ಮುಖ ಕಂಡರೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಪಕ್ಕದಲ್ಲಿ ನಿನ್ನ ಗಂಡ ಬೇರೆ ಕಾವಲು ಕೂತಿರುತ್ತಾನೆ. "ಬಾಣಂತಿಗೆ ಯಾಕಮ್ಮ ತಲೆಬಿಸಿ, ಏನೂ ಹೇಳ್ಬೇಡ" ಎಂದು ಹರ್ಷ ನನ್ನ ಬಾಯಿಗೆ ಬೀಗ ಹಾಕಿದ್ದಾನೆ. ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಅದಕ್ಕೇ ಈ ಕಾಗದ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ತೊಟ್ಟಿಯ ಪಾಚಿ ಬಿಳಿಚಿಕೊಂಡಿದೆ. "ಪಾಚಿ ಅಲ್ಲ ಅತ್ತೆ, ಕಡಲಕಳೆ ಅನ್ನಿ" ಎಂದು ನೀನು ಎಷ್ಟು ತಿದ್ದಿದರೂ ನನ್ನ ನಾಲಿಗೆ ಹೊರಳುವುದಿಲ್ಲ. ನಿನ್ನ ತವರಿನ ಸಮುದ್ರದಿಂದ ಡಬ್ಬಿಯಲ್ಲಿ ಹಿಡಿಯಷ್ಟು ತಂದು, ಉಪ್ಪುನೀರು ಕಲಸಿ, ಗಾಳಿ ಊದಿಸಿ, ಎರಡು ತೊಟ್ಟಿ ತುಂಬ ಬೆಳೆಸಿದ್ದೆ ನೀನು. ಅದೆಲ್ಲ ನೆನೆಸಿದ ಹಪ್ಪಳದ ಹಾಗಾಗಿ ತೇಲಿಬಿಟ್ಟಿತು. ನೋಡಲಾಗಲಿಲ್ಲ.

ಆದದ್ದು ಇಷ್ಟು. ಹೋದ ವಾರ ನಮ್ಮ ಬೀದಿಗೆ ಕೊನೆಗೂ ಕಾವೇರಿ ನೀರು ಬಂತು. ಪೈಪು ಹಾಕಲು ರಸ್ತೆ ಅಗೆದು ಹೋದವರು ಮತ್ತೆ ಬರುತ್ತಾರೆ ಎಂದು ಯಾರೂ ನಂಬಿರಲಿಲ್ಲವಲ್ಲ! ಹಿಂದಿನ ಮನೆಯ ರಾಮಕ್ಕ ಹಸುವಿನ ಕೆಲಸವನ್ನೂ ಬಿಟ್ಟು ಅರಿಶಿನ ಕುಂಕುಮ ಹಿಡಿದು ಓಡಿ ಬಂದಳು. ನಲ್ಲಿಗೆ ಹೂವು ಮುಡಿಸಿ ಗಂಗೆಪೂಜೆ ಮಾಡಿದೆವು. ನಿಮ್ಮ ಮಾವ ಹೊಸ ಪಂಚೆ ಉಟ್ಟು ತೆಂಗಿನಕಾಯಿ ಒಡೆದರು. ನಾನು ನೆಲದಡಿಯ ಸಂಪಿನೊಳಗೆ ಪೈಪು ಇಳಿಬಿಡಲು ಹೋದರೆ ಕೈಯಿಂದ ಕಿತ್ತುಕೊಂಡರು.

"ಸಂಪು ಆಮ್ಯಾಕೆ. ಮೊದ್ಲು ನಮ್ ಸೊಸೆ ತೊಟ್ಟಿಗೆ ಓಗ್ಲಿ ಕಾವೇರಮ್ಮ. ಪಾಪ, ಟ್ಯಾಂಕರ್ ನೀರಲ್ಲೇ ಒದ್ದಾಡ್ತಿತ್ತು ಆ ಉಡ್ಗಿ" ಎಂದರು.

ಹಳೆಯ ನೀರನ್ನು ಅರ್ಧ ಚರಂಡಿಗೆ ಬಿಟ್ಟು, ಎರಡು ತೊಟ್ಟಿಗೂ ಕಂಠಮಟ್ಟ ಕಾವೇರಿ ತುಂಬಿಸಿ, ಮೇಲೆ ಅಂದಾಜಿನಲ್ಲಿ ಉಪ್ಪು ಸುರಿದು, ಕೈ ಮುಗಿದು ಬಂದರು. ನೀರು ಗೆರೆಯಿಂದ ಕೆಳಗಿಳಿದರೆ ತುಂಬಿಸಿ ಎಂದು ನೀನೇ ಹೇಳಿ ಹೋಗಿದ್ದೆ. ಯಾವ ನೀರು ಎಂದು ಹೇಳಿರಲಿಲ್ಲ. ಹೇಗೆ ಹೇಳುತ್ತೀಯ, ಆಗ ಇದ್ದದ್ದೇ ಟ್ಯಾಂಕರಿನವರು ತರುವ ಬೋರ್‌ವೆಲ್‌ನ ಆ ಒಂದು ನೀರು. ಅವರದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ ಎಂದು ದಿನವೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮಾರನೆಯ ದಿನ ತೊಟ್ಟಿಯ ಹತ್ತಿರ ಹೋದರೆ ಆಸ್ಪತ್ರೆ ವಾಸನೆ. ಪಾಚಿಯ ಅಂಚೆಲ್ಲ ಬೆಳ್ಳಗೆ. ನಿನ್ನ ಜೊತೆ ಓದಿದ ಸಿದ್ರಾಮನಿಗೆ ನಾನೇ ಫೋನು ಮಾಡಿದೆ.

"ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ ಆಂಟಿ. ನಮಗೆ ಒಳ್ಳೇದು, ಅದಕ್ಕೆ ವಿಷ. ಬಿಸಿಲಲ್ಲಿ ಇಟ್ಟು, ವಾಸನೆ ಹೋದ್ಮೇಲೆ ಹಾಕ್ಬೇಕಿತ್ತು. ಹಸಿರಾಗಿ ಉಳಿದಿರೋದನ್ನಾದ್ರೂ ಬೇಗ ಬೇರೆ ಮಾಡಿ" ಎಂದ. ಬೊಮ್ಮನಹಳ್ಳಿಯಿಂದ ಆ ಟ್ರಾಫಿಕ್ಕಿನಲ್ಲಿ ಬಂದು ಡ್ರಮ್ಮಿನಲ್ಲಿ ಬೇರೆ ಉಪ್ಪುನೀರು ಕಲಸಿಕೊಟ್ಟು ಹೋದ, ಪುಣ್ಯಾತ್ಮ.

ನಾನು, ರಾಮಕ್ಕ ಕೂತು ಸೊಪ್ಪು ಸೋಸಿದ ಹಾಗೆ ಸೋಸಿದೆವು. ಈ ಜಾಗ ಹೊಲವಾಗಿದ್ದಾಗ ಇಲ್ಲೇ ಕೂತು ದಂಟಿನ ಸೊಪ್ಪು, ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದವರು ನಾವು. ಕೊಳೆತ ಎಲೆ ಕೈಗೆ ಸಿಕ್ಕಿದರೆ ನೋಡದೆಯೇ ಗೊತ್ತಾಗುತ್ತಿತ್ತು. ಇದು ಗೊತ್ತಾಗುವುದಿಲ್ಲ ನೋಡು. ಬದುಕಿರುವುದೂ ಜಾರುತ್ತದೆ, ಸತ್ತದ್ದೂ ಜಾರುತ್ತದೆ. ಎರಡು ತೊಟ್ಟಿಯಿಂದ ಉಳಿದದ್ದು ಆ ಡ್ರಮ್ಮಿನಲ್ಲಿರುವಷ್ಟೇ.

"ನಿನ್ ಸೊಸೆ ಪಾಚಿ ಪುಡಿ ಆಕ್ದಿದ್ರೆ ನಮ್ ಗೌರಿ ಬೂಸಾನೇ ಮುಟ್ಟಾಕಿಲ್ಲ ಕಣೇ ವೆಂಕಟಿ, ಏನೇ ಮಾಡೋದು ಈಗ?" ಎಂದು ರಾಮಕ್ಕ ಕೊರಗುತ್ತಾಳೆ. ಅಪಾರ್ಟ್‌ಮೆಂಟಿನವರು ಟೆರೇಸ್ ಗಿಡಗಳಿಗೆ ನಿನ್ನ ಪಾಚಿ ರಸ ಕೇಳಿಕೊಂಡು ಬರುತ್ತಾರೆ. ಪ್ಲಾಸ್ಟಿಕ್ಕಿನ ಬದಲು ಪಾಚಿ ಬಟ್ಟಲು ಮಾಡಿಕೊಡಿ ಎಂದಿದ್ದ ಕ್ಯಾಂಟೀನಿನವರೂ ವಿಚಾರಿಸಿದರು. ಎಲ್ಲರಿಗೂ ಮುಂದಿನ ವಾರ ಎನ್ನುತ್ತಿದ್ದೇನೆ.

ಎದ್ದ ಕೂಡಲೇ ಕಾಫಿಗೂ ಮೊದಲು ಡ್ರಮ್ಮಿನ ಮುಚ್ಚಳ ತೆಗೆದು ನೋಡುತ್ತೇನೆ. ನಿನ್ನೆ ಒಂದು ಚೂರು ಹಸಿರಾದಂತೆ ಕಂಡಿತು. ಇವತ್ತು ನೋಡಿದರೆ ಅದು ಯಾವುದೆಂದೇ ತಿಳಿಯಲಿಲ್ಲ. ನಿಮ್ಮ ಮಾವ ಸರಿಯಾಗಿ ಊಟ ಮಾಡುತ್ತಿಲ್ಲ, ಖಾಲಿ ತೊಟ್ಟಿಯ ಕಟ್ಟೆ ಮೇಲೆ ಕೂತೇ ಇರುತ್ತಾರೆ.

ಹರ್ಷ ಏನಂದ ಗೊತ್ತೇ? "ಹೋದ್ರೆ ಹೋಗ್ಲಿ ಬಿಡಮ್ಮ, ಜಾಗ ಆದ್ರೂ ಖಾಲಿಯಾಗುತ್ತೆ. ಮೇಲಕ್ಕೆ ಪಿ.ಜಿ. ರೂಮ್ ಎತ್ಕೋಬಹುದು." ನಾನು ಬಿಡಲಿಲ್ಲ. "ಪಿ.ಜಿ. ಬೀದಿಗೆ ಹತ್ತು ಇವೆ ಕಣೋ, ಹೂಡೀಲಿ ಸಮುದ್ರ ಇರೋದು ನಮ್ಮನೇಲಿ ಒಂದೇ" ಎಂದೆ. ನಕ್ಕು ಎದ್ದುಹೋದ. ಅವನು ಹಾಗೆ ನಗುವುದನ್ನು ನೀನು ಎಷ್ಟು ಸಲ ಸಹಿಸಿದ್ದೀಯೋ ಎಂದು ಆವತ್ತು ಅನ್ನಿಸಿತು.

ಡ್ರಮ್ಮನ್ನು ಬಿಸಿಲಿಗೆ ಇಡಬೇಕೋ ನೆರಳಿಗೋ, ಗಾಳಿ ಹಗಲೂ ರಾತ್ರಿ ಊದಿಸಬೇಕೋ, ತಿಳಿಸು. ಹರ್ಷ ನಮ್ಮ ಬಾಡಿಗೆ ಮನೆಗಳ ಕಡೆ ಹೋದ ಮೇಲೆ ಫೋನು ಮಾಡಿದರೂ ಸರಿ. ನೀನು ಬೈದರೂ ನನಗೆ ಸಮಾಧಾನ. ಸುಮ್ಮನಿರಬೇಡ.

ಮಗುವಿನ ಕೆನ್ನೆಗೆ ನನ್ನ ಮುತ್ತು. ನಿನ್ನ ಮೈಗೆ ಶಕ್ತಿ ಬರಲಿ, ಮಡಿಲು ತಣ್ಣಗಿರಲಿ, ನೂರು ಕಾಲ ಬಾಳು ತಾಯಿ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅತ್ತೆ,
ವೆಂಕಟಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೊನ್ನೆ ನೀರಿನ ಉಪ್ಪು ಅಳೆಯುವ ಮೀಟರು ಹುಡುಕಲು ನಿನ್ನ ಬೀರು ತೆಗೆದೆ. ಮೀಟರು ಇರಲಿಲ್ಲ. ಸೀರೆಗಳೂ ಇರಲಿಲ್ಲ, ನೀನು ಓದಿದ ಸರ್ಟಿಫಿಕೇಟುಗಳೂ ಇರಲಿಲ್ಲ. ಬಾಣಂತನಕ್ಕೆ ಹೋಗುವ ಹೆಣ್ಣು ಧಾರೆ ಸೀರೆಯನ್ನೂ ತೆಗೆದುಕೊಂಡು ಹೋಗುವುದಿಲ್ಲ, ಅಷ್ಟು ನನಗೂ ಅರ್ಥವಾಗುತ್ತದೆ. ಬೀರುವಿಗೆ ಬೀಗ ಹಾಕಿದ್ದೇನೆ, ಯಾರಿಗೂ ಹೇಳಿಲ್ಲ. "ಸೊಸೆ ಬರೋ ಒತ್ಗೆ ಪಾಚಿ ಅಸ್ರಾಗ್ತದೆ ಅಲ್ವೇನೇ?" ಎಂದು ನಿಮ್ಮ ಮಾವ ದಿನವೂ ಕೇಳುತ್ತಾರೆ. ಆಗುತ್ತದೆ ಎನ್ನುತ್ತೇನೆ. ಪಾಚಿಯ ವಿಷಯ ನಿಧಾನವಾಗಿ ಬರೆದರೂ ಆದೀತು. ನೀನು ಬರುತ್ತೀಯೋ ಇಲ್ಲವೋ, ಅದನ್ನು ಮಾತ್ರ ಬೇಗ ಬರೆ, ನನಗೊಬ್ಬಳಿಗೇ.